ಸೀಟು ಸಿಕ್ಕ ಮೇಲಿನ ಮೂರು ತಿಂಗಳು

(ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮ ಬೇ ಏರಿಯಾದ ಕನ್ನಡ ಕೂಟವೊಂದರ ಯುಗಾದಿ ಕಾರ್ಯಕ್ರಮದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಮಧ್ಯೆ ಸಭೆಯಿಂದ ಬಂದ ಪ್ರಶ್ನೆಗಳನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ಯುಗಾದಿಯ ಶುಭಾಶಯ. ಬೇವು ಬೆಲ್ಲ ಹಂಚಿ ಆಯಿತು. ಹೋಳಿಗೆ ಊಟಕ್ಕೆ ಇನ್ನೂ ಮುಕ್ಕಾಲು ಗಂಟೆ ಇದೆಯಂತೆ. ಅಲ್ಲಿವರೆಗೆ ನೀವು ಏನಾದರೂ ಮಾತಾಡಿ ಅಂದರು ನಮ್ಮ ಕಾರ್ಯದರ್ಶಿಗಳು. ಹಸಿದವರ ಮುಂದೆ ಮಾತಾಡೋಕೆ ಧೈರ್ಯ ಬೇಕು. ತುಪ್ಪದ ವಾಸನೆ ಬಂದ ಕೂಡಲೇ ನಿಲ್ಲಿಸುತ್ತೇನೆ ಅಂತ ಮಾತು ಕೊಟ್ಟು ಬಂದಿದ್ದೇನೆ.

ಯಾರ ಮನೆಯಲ್ಲಿ ಹನ್ನೆರಡನೇ ಕ್ಲಾಸಿನ ಮಗು ಇದೆ ಅಂತ ಕೈ ಎತ್ತಿಸಬೇಕಾಗಿಲ್ಲ. ಮಾರ್ಚ್ ಕೊನೆ ಇದು. ಯುಸಿ, ಅಂದರೆ ನಮ್ಮ ರಾಜ್ಯದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಅದರ ಕ್ಯಾಂಪಸ್‌ಗಳ ಫಲಿತಾಂಶ ಒಂದೊಂದಾಗಿ ಬಂದಿರುತ್ತೆ. ಮುಖ ನೋಡಿದರೆ ಗೊತ್ತಾಗುತ್ತೆ. ಕೆಲವರು ಬಾಗಿಲಲ್ಲೇ ಎಲ್ಲರನ್ನೂ ಮಾತಾಡಿಸುತ್ತಾ ನಿಂತಿದ್ದರು. ಕೆಲವರು ಬಂದವರೇ ಸೀದಾ ಅಡುಗೆ ಕಡೆ ಸಹಾಯಕ್ಕೆ ಹೋದರು. ಅಲ್ಲಿ ಯಾರೂ ಕಾಲೇಜಿನ ವಿಷಯ ಕೇಳುವುದಿಲ್ಲ, ಅಲ್ವಾ?

ನಾನು ಮಾತಾಡಬೇಕು ಅಂತಿರುವುದು ಸೀಟು ಹೇಗೆ ಸಿಗುತ್ತೆ ಅನ್ನುವುದರ ಬಗ್ಗೆ ಅಲ್ಲ. ಅದನ್ನು ಹೇಳೋಕೆ ಈ ಊರಿನಲ್ಲಿ ದುಡ್ಡು ತಗೊಳ್ಳುವವರು ಬೇಕಾದಷ್ಟು ಜನ ಇದ್ದಾರೆ. ಸೀಟು ಸಿಕ್ಕಿದ ಮೇಲೆ, ಏಪ್ರಿಲ್‌ನಿಂದ ಜೂನ್‌ವರೆಗೆ, ಮಕ್ಕಳ ಮಾರ್ಕ್ಸು ಯಾಕೆ ಜಾರುತ್ತೆ ಅನ್ನುವುದು ನನ್ನ ವಿಷಯ. ಇಲ್ಲಿನವರು ಇದಕ್ಕೆ ಸೀನಿಯರೈಟಿಸ್ ಅಂತ ಹೆಸರಿಟ್ಟಿದ್ದಾರೆ. ಟಾನ್ಸಿಲೈಟಿಸ್, ಆರ್ಥ್ರೈಟಿಸ್ ಇದ್ದ ಹಾಗೆ. ಊತದ ಕಾಯಿಲೆಗಳಿಗೆ ಹಚ್ಚುವ ಬಾಲವನ್ನು ತಂದು ಸೀನಿಯರ್ ಅನ್ನುವ ಪದಕ್ಕೆ ಅಂಟಿಸಿದ್ದಾರೆ. ತಮಾಷೆಯ ಹೆಸರು. ನಮ್ಮ ಮನೆಗೆ ಈ ಕಾಯಿಲೆ ಬಂದಾಗ ನಾನೂ ನಕ್ಕಿದ್ದೆ. ಮೇ ತಿಂಗಳವರೆಗೆ ನಕ್ಕಿದ್ದೆ.

ಹಿಂದಿನ ಸಾಲಿನಲ್ಲಿ ಊರಿಂದ ಬಂದ ಅಜ್ಜಿ ತಾತಂದಿರು ಕೂತಿದ್ದಾರೆ. ಅವರಿಗೆ ಒಂದು ವಿಷಯ ಹೇಳಿ ಮುಂದೆ ಹೋಗುತ್ತೇನೆ. ನಮ್ಮಲ್ಲಿ ಮೊದಲು ಪರೀಕ್ಷೆ, ಆಮೇಲೆ ಸೀಟು. ಸೆಕೆಂಡ್ ಪಿಯುಸಿ ಬರೀಬೇಕು, ಸಿಇಟಿ ಬರೀಬೇಕು. ಇಂಜಿನಿಯರಿಂಗ್ ರ‍್ಯಾಂಕಿಗೆ ಅರ್ಧ ಪಿಯುಸಿ ಮಾರ್ಕ್ಸು, ಅರ್ಧ ಸಿಇಟಿ ಮಾರ್ಕ್ಸು. ಎರಡೂ ಮುಗಿದು ಕೌನ್ಸೆಲಿಂಗ್ ಆಗುವವರೆಗೆ ಯಾವ ಮಗುವೂ ಉಸಿರು ಬಿಡುವ ಹಾಗಿಲ್ಲ. ಇಲ್ಲಿ ಉಲ್ಟಾ. ಹನ್ನೆರಡನೇ ಕ್ಲಾಸಿನ ನವೆಂಬರ್, ಜನವರಿಯೊಳಗೆ ಅರ್ಜಿ ಹೋಗಿಬಿಡುತ್ತೆ. ಮಾರ್ಚಿನಲ್ಲಿ ಉತ್ತರ ಬರುತ್ತೆ. ಮೇ 1ರೊಳಗೆ ಮಗು ಯಾವ ಕಾಲೇಜು ಅಂತ ಹೇಳಬೇಕು. ಆದರೆ ಸ್ಕೂಲು ಮುಗಿಯುವುದು ಜೂನ್‌ನಲ್ಲಿ. ಅಂದರೆ ಮದುವೆ ಮಾತುಕತೆ ಆಗಿ, ಛತ್ರ ಬುಕ್ ಆಗಿ, ಸೀರೆ ತಂದಾದ ಮೇಲೂ ಹುಡುಗಿ ನೋಡೋ ಶಾಸ್ತ್ರ ನಡೀತಾನೇ ಇರುತ್ತೆ. ಯಾರಿಗೆ ತಾನೇ ಆಸಕ್ತಿ ಇರುತ್ತೆ?

ಯುಸಿ ವಿಷಯದಲ್ಲಿ ಇನ್ನೂ ಒಂದು ವಿಚಿತ್ರ ಇದೆ. ಅವರು ಅರ್ಜಿಗೆ ಲೆಕ್ಕ ಹಿಡಿಯುವ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಹತ್ತು ಮತ್ತು ಹನ್ನೊಂದನೇ ಕ್ಲಾಸಿನದು. ಹನ್ನೆರಡರಲ್ಲಿ ಏನೇನು ಓದುತ್ತೀಯ ಅಂತ ಪಟ್ಟಿ ಕೇಳುತ್ತಾರೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಹಾಕಿದ ಖಾಸಗಿ ಕಾಲೇಜುಗಳಿಗಾದರೆ ಸ್ಕೂಲಿನ ಕೌನ್ಸೆಲರ್ ವರ್ಷದ ಮಧ್ಯೆ ಒಂದು ವರದಿ ಕಳಿಸುತ್ತಾರೆ, ಕೊನೆಗೆ ಇನ್ನೊಂದು. ಯುಸಿಗೆ ಸಾಮಾನ್ಯವಾಗಿ ಮಧ್ಯದ್ದು ಹೋಗುವುದಿಲ್ಲ. ಜುಲೈ 1ರೊಳಗೆ ಸ್ಕೂಲಿನಿಂದ ಅಂತಿಮ ಟ್ರಾನ್ಸ್‌ಕ್ರಿಪ್ಟ್, ಅಂದರೆ ಅಂಕಪಟ್ಟಿ, ಹೋಗುತ್ತಲ್ಲ, ಆಗಲೇ ಅವರು ಮೊದಲ ಸಲ ಹನ್ನೆರಡನೇ ಕ್ಲಾಸಿನ ಮಾರ್ಕ್ಸು ನೋಡುವುದು. ಅಲ್ಲಿಯವರೆಗೆ ಕಡೆಯ ಒಂದು ವರ್ಷ ಪೂರ್ತಿ ಯಾರೂ ನೋಡುತ್ತಿಲ್ಲ ಅನ್ನುವ ಭಾವನೆ ಮಗುವಿಗೆ. ಅಪ್ಪ ಅಮ್ಮನಿಗೂ.

ಪ್ರವೇಶ ಪತ್ರದ ಕೆಳಗೆ ಷರತ್ತುಗಳು ಇರುತ್ತವೆ. ಓದಿದ್ದೀರಾ? ನಾವು ಓದಿರಲಿಲ್ಲ. ಪೋರ್ಟಲ್ ತೆರೆದ ಕೂಡಲೇ ಪರದೆ ಮೇಲೆ ಬಣ್ಣದ ಚೂರುಗಳು ಉದುರುತ್ತವಲ್ಲ, ಅದನ್ನೇ ವಿಡಿಯೋ ಮಾಡಿ ಊರಿಗೆ ಕಳಿಸಿದೆವು. ಕ್ಯಾಂಪಸ್‌ನಿಂದ ಕ್ಯಾಂಪಸ್‌ಗೆ ಮಾತು ಸ್ವಲ್ಪ ಬೇರೆ ಇರಬಹುದು. ಸಾರ ಒಂದೇ. ಹನ್ನೆರಡನೇ ಕ್ಲಾಸಿನಲ್ಲಿ ಜಿಪಿಎ 3.0ಕ್ಕಿಂತ, ಅಂದರೆ ಸರಾಸರಿ ಬಿಗಿಂತ, ಕೆಳಗೆ ಇಳಿಯಬಾರದು. ಯಾವ ವಿಷಯದಲ್ಲೂ ಡಿ ಅಥವಾ ಎಫ್ ಬರಬಾರದು. ಅರ್ಜಿಯಲ್ಲಿ ಹೇಳಿದ ವಿಷಯಗಳನ್ನೆಲ್ಲ ಓದಿ ಮುಗಿಸಿರಬೇಕು. ಏನಾದರೂ ಬದಲಾದರೆ ತಕ್ಷಣ ನಮಗೆ ತಿಳಿಸಬೇಕು.

ಈಗ ನಮ್ಮ ಮನೆ ಕಥೆ. 2019ರದು. ಮಗನಿಗೆ ಮಾರ್ಚಿನಲ್ಲಿ ಒಂದು ಯುಸಿ ಕ್ಯಾಂಪಸ್‌ನಲ್ಲಿ ಸೀಟು ಸಿಕ್ಕಿತು. ಏಪ್ರಿಲ್ ಪೂರ್ತಿ ನಾನು ಸ್ಕೂಲಿನ ಗ್ರೇಡ್ ಆ್ಯಪ್‌ನಲ್ಲಿ ಕ್ಯಾಲ್ಕುಲಸ್ಸು, ಫಿಸಿಕ್ಸು ಎರಡನ್ನೇ ನೋಡುತ್ತಿದ್ದೆ. ಎರಡೂ ಬಿ. ಸರಿ ಬಿಡು, ಸುಸ್ತಾಗಿದೆ ಪಾಪ, ಅಂದುಕೊಂಡೆ. ಕೆಳಗೆ ಅಮೆರಿಕನ್ ಗವರ್ನ್‌ಮೆಂಟ್ ಅಂತ ಇನ್ನೊಂದು ಸಾಲು ಇತ್ತು. ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಒಂದು ಸೆಮಿಸ್ಟರ್ ಗವರ್ನ್‌ಮೆಂಟ್, ಒಂದು ಸೆಮಿಸ್ಟರ್ ಎಕನಾಮಿಕ್ಸ್ ಓದಲೇಬೇಕು. ನಮ್ಮ ಪೌರನೀತಿ ಇದ್ದ ಹಾಗೆ. ನಿಜ ಹೇಳಿ, ಪೌರನೀತಿಯನ್ನು ಯಾವ ತಾಯಿ ಸ್ಕ್ರಾಲ್ ಮಾಡಿ ನೋಡುತ್ತಾಳೆ? ಅದರ ಮುಂದೆ 61 ಅಂತ ಇತ್ತು.

ನನಗೆ ಅದು ಗಾಬರಿ ಹುಟ್ಟಿಸುವ ಸಂಖ್ಯೆ ಅಂತಲೇ ಅನಿಸಲಿಲ್ಲ. ನಮ್ಮ ತಲೆಯಲ್ಲಿ ಇರುವ ಮೀಟರ್ ಬೇರೆ. 35 ಪಾಸು, 60 ಫಸ್ಟ್ ಕ್ಲಾಸು. 61 ಬಂತು ಅಂದರೆ ನಮ್ಮ ಕಾಲದಲ್ಲಿ ಮನೆಯಲ್ಲಿ ಪಾಯಸ. ಇಲ್ಲಿ ಸಾಮಾನ್ಯವಾಗಿ 90ಕ್ಕೆ ಎ, 80ಕ್ಕೆ ಬಿ, 70ಕ್ಕೆ ಸಿ, 60ಕ್ಕೆ ಡಿ. 59 ಅಂದರೆ ಎಫ್. ನಮ್ಮ ಫಸ್ಟ್ ಕ್ಲಾಸು ಇಲ್ಲಿನ ಡಿ. ಇಪ್ಪತ್ತು ವರ್ಷ ಇಲ್ಲಿದ್ದರೂ ಆ ಹಳೇ ಮೀಟರ್ ಒಳಗೆ ತಿರುಗುತ್ತಾನೇ ಇರುತ್ತೆ.

ಇನ್ನೊಂದು ಲೆಕ್ಕ ನೋಡಿ. ವಾರಕ್ಕೊಂದು ಸಣ್ಣ ಬರಹ ಕೊಡುತ್ತಿದ್ದರಂತೆ ಆ ಕ್ಲಾಸಿನಲ್ಲಿ. ಪತ್ರಿಕೆಯಲ್ಲಿ ಬಂದ ಒಂದು ಸುದ್ದಿ ಓದಿ ಅರ್ಧ ಪುಟ ಬರೆಯುವುದು. ಇಪ್ಪತ್ತು ನಿಮಿಷದ ಕೆಲಸ. ಹತ್ತು ಬರಹದಲ್ಲಿ ಹತ್ತಕ್ಕೂ 90 ಬಂದರೆ ಸರಾಸರಿ 90, ಎ. ಒಂದು ಬರಹ ಕೊಡಲಿಲ್ಲ ಅನ್ನಿ. ಉಳಿದ ಒಂಬತ್ತಕ್ಕೆ 90 ಇದ್ದರೂ ಸರಾಸರಿ 81. ಮೂರು ಕೊಡಲಿಲ್ಲ ಅಂದರೆ 63. ಅಷ್ಟೇ. ಬುದ್ಧಿ ಕಡಿಮೆ ಆಗಿಲ್ಲ, ವಿಷಯ ಕಷ್ಟ ಆಗಿಲ್ಲ. ಮೂರು ಸೊನ್ನೆ ಸಾಕು, ಎ ತಗೊಳ್ಳುವ ಹುಡುಗ ಡಿಗೆ ಬಂದು ಕೂರುತ್ತಾನೆ. ಕೊನೆ ವರ್ಷದಲ್ಲಿ ಜಾರುವ ಮಕ್ಕಳು ಹೆಚ್ಚಾಗಿ ಹೀಗೇ ಜಾರುವುದು. ಕಷ್ಟದ ವಿಷಯದಲ್ಲಿ ಫೇಲ್ ಆಗುವುದು ಕಡಿಮೆ. ಸುಲಭದ ವಿಷಯದಲ್ಲಿ ಸೊನ್ನೆ ಗುಡ್ಡೆ ಹಾಕಿಕೊಳ್ಳುತ್ತಾರೆ.

ಅವನನ್ನು ಕೇಳಿದೆ. ಅಡುಗೆಮನೆ ಕಟ್ಟೆ ಮೇಲೆ ಕೂತು ಸೀರಿಯಲ್ ತಿನ್ನುತ್ತಿದ್ದ. ಕಾಲೇಜಿನ ಹೆಸರಿನ ಸ್ವೆಟ್‌ಶರ್ಟ್ ಮೈಮೇಲೆ. "ಅಮ್ಮ, ಇಟ್ಸ್ ಗವರ್ನ್‌ಮೆಂಟ್. ಡಿ ಬಂದ್ರೂ ಗ್ರ್ಯಾಜುಯೇಟ್ ಆಗ್ತೀನಿ" ಅಂದ. ಅವನು ಹೇಳಿದ್ದು ಸುಳ್ಳಲ್ಲ. ಡಿ ಬಂದರೂ ಹೈಸ್ಕೂಲು ಡಿಪ್ಲೊಮಾ ಕೊಡುತ್ತೆ. ಕಾಲೇಜು ಒಪ್ಪುವುದಿಲ್ಲ, ಅಷ್ಟೇ. ಒಂದೇ ಅಕ್ಷರ, ಒಂದು ಕಡೆ ಪಾಸು, ಇನ್ನೊಂದು ಕಡೆ ಗೇಟು ಬಂದ್.

ಊರಲ್ಲಿ ನಮ್ಮಮ್ಮನಿಗೆ ಫೋನ್ ಮಾಡಿ ಅತ್ತೆ. ಅವರು ನಕ್ಕು, "ತೊರೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಅಂತ ಸುಮ್ನೆ ಹೇಳಿದ್ದಾರಾ" ಅಂದರು. ಅಮ್ಮ, ಇವನಿನ್ನೂ ತೊರೆ ದಾಟಿಲ್ಲ, ದಡ ಕಂಡ ಕೂಡಲೇ ದೋಣಿಯಲ್ಲಿ ಎದ್ದು ನಿಂತಿದ್ದಾನೆ ಅಂದೆ.

ಈ ಷರತ್ತನ್ನು ನಿಜವಾಗಿಯೂ ಯಾರಾದರೂ ನೋಡುತ್ತಾರಾ, ಸುಮ್ನೆ ಹೆದರಿಸೋಕೆ ಬರೆದಿರುತ್ತಾರಾ ಅಂತ ನಿಮಗೆ ಅನಿಸಬಹುದು. 2017ರ ಬೇಸಿಗೆಯ ಕಥೆ ಹೇಳುತ್ತೇನೆ. ಕಾಲೇಜುಗಳು ಇರುವ ಸೀಟಿಗಿಂತ ಜಾಸ್ತಿ ಜನಕ್ಕೆ ಪತ್ರ ಕಳಿಸುತ್ತವೆ. ಎಲ್ಲರೂ ಬರುವುದಿಲ್ಲ ಅಂತ ಅವರಿಗೆ ಗೊತ್ತು. ನಾವು ಸಾವಿರ ಲಗ್ನಪತ್ರಿಕೆ ಹಂಚಿ ಎಂಟುನೂರು ಎಲೆಗೆ ಅಡುಗೆ ಹೇಳುವುದಿಲ್ವಾ, ಹಾಗೆ. ಆ ವರ್ಷ ಯುಸಿ ಅರ್ವೈನ್‌ನಲ್ಲಿ ಲೆಕ್ಕ ತಪ್ಪಿತು. ಅಂದುಕೊಂಡಿದ್ದಕ್ಕಿಂತ 800ಕ್ಕೂ ಹೆಚ್ಚು ಮಕ್ಕಳು ಬರುತ್ತೇವೆ ಅಂದರು. ಊಟಕ್ಕೆ ಕೂತವರು ಜಾಸ್ತಿ, ಎಲೆ ಕಡಿಮೆ. ಆಮೇಲೆ ಕಾಲೇಜು ಶುರುವಾಗೋಕೆ ಸುಮಾರು ಎರಡು ತಿಂಗಳು ಇರುವಾಗ 499 ಮಕ್ಕಳ ಪ್ರವೇಶ ವಾಪಸ್ ತಗೊಂಡರು. ಅದರಲ್ಲಿ 290 ಮಂದಿಯದು ಟ್ರಾನ್ಸ್‌ಕ್ರಿಪ್ಟ್ ತಕರಾರು. ಉಳಿದವರಲ್ಲಿ ಹೆಚ್ಚಿನವರದು ಕೊನೆ ವರ್ಷದ ಮಾರ್ಕ್ಸು.

ದೊಡ್ಡ ಗಲಾಟೆ ಆಯಿತು. ಚಾನ್ಸಲರ್ ಹೋವರ್ಡ್ ಗಿಲ್‌ಮನ್ ಕ್ಷಮೆ ಕೇಳಿದರು. ಕಾಗದಪತ್ರದ ಕಾರಣಕ್ಕೆ ಸೀಟು ಹೋದವರಿಗೆ ವಾಪಸ್ ಕೊಟ್ಟರು. ಆದರೆ ಮಾರ್ಕ್ಸು ನಿಜವಾಗಿಯೂ ಬಿದ್ದವರಿಗೆ ಆ ಬಾಗಿಲು ತಾನಾಗಿ ತೆರೆಯಲಿಲ್ಲ. ಈ ವರ್ಷ ಷರತ್ತಿನ ವಿಷಯದಲ್ಲಿ ಸ್ವಲ್ಪ ಬಿಗಿ ಮಾಡಿದ್ದು ಹೌದು ಅಂತ ಅಲ್ಲಿನ ಅಧಿಕಾರಿಗಳೇ ಒಪ್ಪಿಕೊಂಡರು. ನನಗೆ ಅದರಲ್ಲಿ ಕಂಡಿದ್ದು ಇಷ್ಟು. ಷರತ್ತು ಪ್ರತಿವರ್ಷ ಇರುತ್ತೆ, ಮಲಗಿರುತ್ತೆ. ಸೀಟು ಸಾಲದೇ ಹೋದ ವರ್ಷ ಎದ್ದು ಕೂರುತ್ತೆ. ಅದು ಯಾವ ವರ್ಷ ಅಂತ ಮಕ್ಕಳಿಗೆ ಜುಲೈವರೆಗೆ ಗೊತ್ತಾಗುವುದಿಲ್ಲ.

ಟೆಕ್ಸಸ್ ಕ್ರಿಶ್ಚಿಯನ್ ಯೂನಿವರ್ಸಿಟಿಯವರು ಮಾರ್ಕ್ಸು ಜಾರಿದ ಮಕ್ಕಳಿಗೆ ಬೇಸಿಗೆಯಲ್ಲಿ ಒಂದು ಪತ್ರ ಕಳಿಸುತ್ತಿದ್ದರು. ಯಾಕೆ ಹೀಗಾಯ್ತು, ಬರೆದು ಕಳಿಸಿ ಅಂತ. ಆ ಕಚೇರಿಯವರೇ ಅದನ್ನು ದೇವರ ಭಯದ ಪತ್ರ ಅನ್ನುತ್ತಿದ್ದರಂತೆ. ಎಲ್ಲ ಕಾಲೇಜೂ ಸೀಟು ಕಿತ್ತುಕೊಳ್ಳುವುದಿಲ್ಲ. ಹೆಚ್ಚಿನವು ಮೊದಲು ಕೇಳುತ್ತವೆ. ಕೆಲವು ಸ್ಕಾಲರ್‌ಶಿಪ್‌ಗೆ ಕೈ ಹಾಕುತ್ತವೆ. ಕೆಲವು ಸುಮ್ಮನೇ ಬಿಡುತ್ತವೆ.

ಸರಿ. ಯಾಕೆ ಹೀಗಾಗುತ್ತೆ?

ಆಲಸ್ಯ ಅಂತ ಮೊದಲು ನಾನೂ ಅಂದುಕೊಂಡೆ. ಆಮೇಲೆ ಆ ವರ್ಷದ ಶರತ್ಕಾಲ ನೆನಪಾಯಿತು. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಮಲಗಿಲ್ಲ. ಯುಸಿಯವರು 8 ಪ್ರಶ್ನೆ ಕೊಟ್ಟು 4ಕ್ಕೆ ಉತ್ತರ ಕೇಳುತ್ತಾರೆ, ಒಂದೊಂದೂ 350 ಪದದೊಳಗೆ. ಕಾಮನ್ ಆ್ಯಪ್‌ಗೆ 650 ಪದದ ಪ್ರಬಂಧ. ಅದರ ಮೇಲೆ ಒಂದೊಂದು ಖಾಸಗಿ ಕಾಲೇಜಿನ ಸ್ವಂತ ಪ್ರಶ್ನೆಗಳು. ನೀನು ದಾಟಿ ಬಂದ ದೊಡ್ಡ ಕಷ್ಟ ಯಾವುದು ಅಂತ ಕೇಳುತ್ತಾರೆ. ಹದಿನೇಳು ವರ್ಷದ ಹುಡುಗ. ಅಪ್ಪ ಅಮ್ಮ ಇಬ್ಬರೂ ಸಾಫ್ಟ್‌ವೇರು. ಊಟ ಟೇಬಲ್ ಮೇಲೆ ಬಂದು ಕೂರುತ್ತೆ. ಏನು ಕಷ್ಟ ಪಟ್ಟಿರುತ್ತಾನೆ? ಕೊನೆಗೆ ಕರ್ನಾಟಕ ಸಂಗೀತದ ಕ್ಲಾಸಿನಲ್ಲಿ ಶ್ರುತಿ ಸೇರದೆ ಎರಡು ವರ್ಷ ಪಟ್ಟ ಪಾಡನ್ನು ಬರೆದ. ಅದು ನಿಜವಾದ ಕಷ್ಟವೇ. ನಮಗೂ, ಪಕ್ಕದ ಮನೆಯವರಿಗೂ.

ಹಗಲು ಕಾಲೇಜು ಮಟ್ಟದ ಎಪಿ ಕ್ಲಾಸು, ಸಂಜೆ ರೊಬಾಟಿಕ್ಸು, ರಾತ್ರಿ ತನ್ನ ಬಗ್ಗೆ ತಾನೇ ಹೊಗಳಿಕೊಂಡು ಬರೆಯುವುದು. ನಾಲ್ಕು ತಿಂಗಳು ಹೀಗೆ. ಜನವರಿಯಲ್ಲಿ ಒಮ್ಮೆಲೇ ಎಲ್ಲ ನಿಂತುಹೋಯಿತು. ಮ್ಯಾರಥಾನ್ ಓಡಿದವನನ್ನು ಗೆರೆ ದಾಟಿದ ಮೇಲೆ, ಇನ್ನು ಎರಡು ಮೈಲಿ ಇದೆ ಓಡು, ಆದರೆ ಅದಕ್ಕೆ ಮೆಡಲ್ ಇಲ್ಲ ಅಂದರೆ ಕಾಲು ಏಳುತ್ತಾ?

ಇದನ್ನು ಇಲ್ಲಿನ ಸರ್ಕಾರವೂ ಯೋಚನೆ ಮಾಡಿಲ್ಲ ಅಂತಲ್ಲ. ಕೆಂಟಕಿಯ ಗವರ್ನರ್ ಆಗಿದ್ದ ಪಾಲ್ ಪ್ಯಾಟನ್ ಅವರ ಅಧ್ಯಕ್ಷತೆಯಲ್ಲಿ ಈ ಕೊನೆ ವರ್ಷಕ್ಕೆಂದೇ ಒಂದು ರಾಷ್ಟ್ರೀಯ ಆಯೋಗ ಇತ್ತು. 2001ರಲ್ಲಿ ವರದಿ ಕೊಟ್ಟಿತು. ಹನ್ನೆರಡನೇ ಕ್ಲಾಸು ಕೈತಪ್ಪಿ ಹೋಗುತ್ತಿರುವ ಅವಕಾಶ ಅಂತ ವರದಿಯ ಹೆಸರಿನಲ್ಲೇ ಹೇಳಿದ್ದರು. ಇಷ್ಟು ವರ್ಷ ಆಯಿತು. ಹನ್ನೆರಡನೇ ಕ್ಲಾಸಿನ ಏಪ್ರಿಲ್ ಇನ್ನೂ ಹಾಗೇ ಇದೆ. ಒಂದು ದಿನ ಡಿಚ್ ಡೇ ಅಂತ ಎಲ್ಲರೂ ಒಟ್ಟಿಗೆ ಚಕ್ಕರ್. ಆಮೇಲೆ ಪ್ರಾಮ್ ಅನ್ನುವ ಡ್ಯಾನ್ಸ್ ಪಾರ್ಟಿ. ಆಮೇಲೆ ಇಯರ್‌ಬುಕ್ ಸಹಿ. ಮಧ್ಯೆ ಮೇ ಮೊದಲ ಎರಡು ವಾರ ಎಪಿ ಪರೀಕ್ಷೆ. ಅದು ಮುಗಿದ ಮೇಲೆ ಕ್ಲಾಸಿನಲ್ಲಿ ಸಿನಿಮಾ ಹಾಕುವ ಮೇಷ್ಟ್ರುಗಳೂ ಇದ್ದಾರೆ. ಮಕ್ಕಳೊಬ್ಬರಿಗೇ ಈ ಕಾಯಿಲೆ ಅಂದುಕೊಳ್ಳಬೇಡಿ.

ನಮ್ಮ ಯಜಮಾನರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರ ಅನುಮತಿ ತಗೊಂಡೇ ಹೇಳುತ್ತಿದ್ದೇನೆ. ಇವರಿಗೆ ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್‌ನಲ್ಲಿ ಕ್ಯಾಂಪಸ್ ಇಂಟರ್‌ವ್ಯೂನಲ್ಲಿ ಕೆಲಸ ಸಿಕ್ಕಿತು. ಎಂಟನೇ ಸೆಮಿಸ್ಟರ್‌ನಲ್ಲಿ ಒಂದು ಸಬ್ಜೆಕ್ಟು ಹೋಯಿತು. ಆರು ತಿಂಗಳು ಕೆಲಸಕ್ಕೆ ಸೇರುವುದು ತಡವಾಯಿತು. ಈ ಕಥೆಯನ್ನು ಇವರು ಪ್ರತಿ ಪಾಟ್‌ಲಕ್‌ನಲ್ಲೂ ನಗುನಗುತ್ತಾ ಹೇಳುತ್ತಾರೆ. ಪರೀಕ್ಷೆ ಹಿಂದಿನ ರಾತ್ರಿ ಗೆಳೆಯರ ಜೊತೆ ಸೆಕೆಂಡ್ ಶೋಗೆ ಹೋಗಿದ್ದು, ಬೆಳಿಗ್ಗೆ ಹಾಲ್ ಟಿಕೆಟ್ ಮರೆತಿದ್ದು, ಎಲ್ಲ. ಮಗ ಚಿಕ್ಕಂದಿನಿಂದ ಈ ಕಥೆ ಕೇಳಿಕೊಂಡು ಬೆಳೆದಿದ್ದಾನೆ. ಈಗ ಇವನೂ ಅದನ್ನೇ ಮಾಡಿದಾಗ ಅದು ಯಾಕೆ ಕಥೆ ಆಗಲಿಲ್ಲ, ಯಾಕೆ ಅಪರಾಧ ಆಯಿತು ಅಂತ ಅವನು ಕೇಳಿದ. ನಮ್ಮಿಬ್ಬರ ಹತ್ತಿರವೂ ಉತ್ತರ ಇರಲಿಲ್ಲ.

ಅವತ್ತು ರಾತ್ರಿ ಮಾತು ಜೋರಾಯಿತು. ಆಗ ಅವನು ಇನ್ನೊಂದು ವಿಷಯ ಹೇಳಿದ. ಇವತ್ತು ನಾನು ಇಲ್ಲಿ ನಿಂತಿರುವುದೇ ಆ ಒಂದು ಮಾತಿಗಾಗಿ.

ಅವನಿಗೆ ಸಿಕ್ಕಿದ್ದು ನಾವು ಕನಸು ಕಂಡಿದ್ದ ಕ್ಯಾಂಪಸ್ ಅಲ್ಲ. ನಾವು ಬರ್ಕ್ಲಿ ಅಂದುಕೊಂಡಿದ್ದೆವು. ಕಂಪ್ಯೂಟರ್ ಸೈನ್ಸ್ ಅಂದುಕೊಂಡಿದ್ದೆವು. ಸಿಕ್ಕಿದ್ದು ಬೇರೆ ಕ್ಯಾಂಪಸ್, ಬೇರೆ ವಿಷಯ. ಅವನೆದುರು ನಾವು ಏನೂ ತೋರಿಸಿಕೊಳ್ಳಲಿಲ್ಲ. ಕೇಕ್ ತಂದೆವು, ಸ್ವೆಟ್‌ಶರ್ಟ್ ತರಿಸಿದೆವು. ಅವನು ಹೇಳಿದ, "ಅಮ್ಮ, ನೀನು ಮೈಸೂರಿಗೆ ಫೋನ್ ಮಾಡ್ದಾಗ ಕಾಲೇಜ್ ಹೆಸರು ಹೇಳೋ ಹೊತ್ತಿಗೆ ವಾಯ್ಸ್ ಕಡಿಮೆ ಮಾಡ್ತೀಯ. ಆಮೇಲೆ 'ಪರವಾಗಿಲ್ಲ, ಅದೂ ಒಳ್ಳೇದೇ' ಅಂತೀಯ. ಯಾರೂ ಕೇಳದೇ ಇದ್ರೂ ಅಂತೀಯ."

ನಾನು ಹಾಗೆ ಅನ್ನುತ್ತೇನೆ ಅಂತ ನನಗೇ ಗೊತ್ತಿರಲಿಲ್ಲ. ಆಮೇಲೆ ಗಮನಿಸಿದೆ. ಅಂತೀನಿ. ಅಕ್ಕನ ಹತ್ತಿರ ಅಂದಿದ್ದೆ, ಅತ್ತಿಗೆ ಹತ್ತಿರ ಅಂದಿದ್ದೆ. ಹಾಲಿನ ಪ್ಯಾಕೆಟ್ ತರೋಕೆ ಇಂಡಿಯನ್ ಅಂಗಡಿಗೆ ಹೋದಾಗ ಸಿಕ್ಕ ಪರಿಚಯದವರ ಹತ್ತಿರವೂ ಅಂದಿದ್ದೆ.

ಒಂಬತ್ತನೇ ಕ್ಲಾಸಿನಿಂದ ನಾಲ್ಕು ವರ್ಷ ನಾವು ಅವನಿಗೆ ಹೇಳಿದ್ದು ಒಂದೇ ಮಾತು. ಇದು ಟ್ರಾನ್ಸ್‌ಕ್ರಿಪ್ಟ್‌ಗೆ ಒಳ್ಳೇದು, ಇದು ಅರ್ಜಿಗೆ ಒಳ್ಳೇದು. ಸಂಗೀತ ಅರ್ಜಿಗೆ. ಲೈಬ್ರರಿಯಲ್ಲಿ ಸೇವೆ ಅರ್ಜಿಗೆ. ಕೊನೆಕೊನೆಗೆ ಈ ಕೂಟದ ರಾಜ್ಯೋತ್ಸವದಲ್ಲಿ ಕುರ್ಚಿ ಜೋಡಿಸಿದ್ದೂ ಅರ್ಜಿಗೆ. ಯಾರಾದರೂ ಒಬ್ಬರು ಅವನಿಗೆ, ಸೆನೆಟ್ ಅಂದರೆ ಏನು ಅಂತ ತಿಳಿದುಕೊಂಡರೆ ಚೆನ್ನಾಗಿರುತ್ತೆ ಕಣೋ ಅಂತ ಹೇಳಿದ್ದೆವಾ? ಇಲ್ಲ. ಅರ್ಜಿ ಮುಗಿದ ದಿನ ಓದೂ ಮುಗಿಯಿತು. ನಾವು ಹೇಳಿಕೊಟ್ಟ ಲೆಕ್ಕವನ್ನು ಅವನು ಸರಿಯಾಗಿಯೇ ಮಾಡಿದ. ಅದರ ಮೇಲೆ ಆ ಅರ್ಜಿಯ ಫಲ ನಮಗೆ ಸಾಲಲಿಲ್ಲ ಅಂತಲೂ ಅವನಿಗೆ ಗೊತ್ತಾಗಿತ್ತು. ಜಾರಿದ್ದಕ್ಕೆ ಸಂತೋಷ ಒಂದೇ ಕಾರಣ ಅಂದುಕೊಂಡಿದ್ದೆ. ಅರ್ಧ ಅವಮಾನವೂ ಇತ್ತು. ಸಿಕ್ಕ ಮಕ್ಕಳು ಜಾರುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಬೇಕಾದ್ದು ಸಿಗದೇ ಬೇರೇನೋ ಸಿಕ್ಕ ಮಕ್ಕಳು ಇನ್ನೂ ಜಾಸ್ತಿ ಜಾರುತ್ತಾರೆ ಅಂತ ನನ್ನ ಅನಿಸಿಕೆ. ಈ ಹಾಲ್‌ನಲ್ಲಿ ಈ ವಾರ ಅಂಥ ಮನೆಗಳು ಇದ್ದಾವೆ. ಅದಕ್ಕೇ ಇಷ್ಟು ಬಿಚ್ಚಿ ಹೇಳಿದೆ.

ಇಲ್ಲಿ ಒಬ್ಬರು ಎದ್ದು ಕೇಳಿದರು. "ಮೇಡಂ, ನಮ್ಮ ಮಗಳದು ಎ ಇದ್ದಿದ್ದು ಎರಡರಲ್ಲಿ ಬಿ ಆಗಿದೆ. ಭಯ ಪಡಬೇಕಾ?"

ಬೇಡ ಸರ್. ಒಂದೆರಡು ಬಿಗೆ ಯಾರೂ ಸೀಟು ಕಿತ್ತುಕೊಳ್ಳುವುದಿಲ್ಲ. ಆ ಮಗು ಸ್ವಲ್ಪ ಮಲಗಲಿ ಬಿಡಿ. ಎ ಎಲ್ಲ ಸಿ ಆಗುತ್ತಿದ್ದರೆ ಕೂತು ಮಾತಾಡಿ. 60ರ ಆಸುಪಾಸಿನಲ್ಲಿ ಏನಾದರೂ ಇದ್ದರೆ ಇವತ್ತೇ ರಾತ್ರಿ ನೋಡಿ. ಆ್ಯಪ್‌ನಲ್ಲಿ ಕೊನೆ ಸಾಲಿನವರೆಗೆ ಸ್ಕ್ರಾಲ್ ಮಾಡಿ. ಪೌರನೀತಿಯನ್ನೂ ನೋಡಿ.

ಇನ್ನೊಬ್ಬ ತಾಯಿ, "ಫೋನ್ ಕಿತ್ಕೊಂಡ್ರೆ ಸರಿ ಹೋಗುತ್ತಾ?" ಅಂದರು. ನಾನು ಕಿತ್ಕೊಂಡಿದ್ದೆ. ನಾಲ್ಕು ದಿನ. ಸ್ಕೂಲಿನ ಅಸೈನ್‌ಮೆಂಟ್ ಎಲ್ಲ ಅದರಲ್ಲೇ ಬರುತ್ತಿತ್ತು ಅಂತ ಐದನೇ ದಿನ ಗೊತ್ತಾಯಿತು. ಆ ನಾಲ್ಕು ದಿನಕ್ಕೆ ಇನ್ನೂ ಎರಡು ಸೊನ್ನೆ.

ನಾವು ಮಾಡಿದ್ದರಲ್ಲಿ ಸರಿ ಇದ್ದದ್ದು ಒಂದೇ. ತಡವಾಗಿಯಾದರೂ ಅವರು ಕೇಳುವ ಮುಂಚೆ ನಾವೇ ಹೇಳಿದೆವು. ನಾವು ಅಂದರೆ ಅವನು. ಗವರ್ನ್‌ಮೆಂಟ್ ಟೀಚರ್‌ಗೆ ನಾನು ಮೇಲ್ ಮಾಡಿದ್ದೆ. ಅವರು ತುಂಬಾ ಮರ್ಯಾದೆಯಿಂದ ಎರಡು ಸಾಲು ಬರೆದರು. ನಿಮ್ಮ ಮಗ ಇನ್ನು ಮೂರು ತಿಂಗಳಿಗೆ ಕಾಲೇಜಿಗೆ ಹೋಗುತ್ತಾನೆ, ಅವನೇ ಬಂದು ಕೇಳಲಿ ಅಂತ. ಅವನು ಹೋದ. ಬಿಟ್ಟುಹೋದ ಬರಹಗಳಲ್ಲಿ ಎರಡನ್ನು ಮಾತ್ರ ತಗೊಂಡರು. ಸಾಲಲಿಲ್ಲ. ಮೇ ಕೊನೆಗೆ ಡಿ ಖಚಿತ ಅಂತ ಆಯಿತು.

ಆಗ ಕಾಲೇಜಿನ ಪೋರ್ಟಲ್‌ನಲ್ಲಿ ತಿಳಿಸಬೇಕು. ಮೊದಲ ಪತ್ರ ಇವರು ಬರೆದುಕೊಟ್ಟರು, ನಮ್ಮ ಯಜಮಾನರು. ಅದರಲ್ಲಿ ಕುಟುಂಬದ ಸನ್ನಿವೇಶ ಇತ್ತು, ಆರೋಗ್ಯ ಇತ್ತು, ಊರಲ್ಲಿ ತಾತನಿಗೆ ಹುಷಾರಿಲ್ಲ ಅಂತಲೂ ಇತ್ತು. ತಾತ ಅವತ್ತು ಬೆಳಿಗ್ಗೆಯೇ ಚಾಮುಂಡಿ ಬೆಟ್ಟ ಹತ್ತಿ ಇಳಿದಿದ್ದರು. ಮಗ ಅದನ್ನು ಓದಿ, ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡು ಎಲ್ಲ ಅಳಿಸಿದ. ಆರು ಸಾಲು ಬರೆದ. ಈ ವಿಷಯದಲ್ಲಿ ವಾರದ ಬರಹಗಳನ್ನು ನಾನು ಕೊಡಲಿಲ್ಲ, ಡಿ ಬರುತ್ತದೆ. ಕಷ್ಟ ಆಗಿದ್ದಕ್ಕಲ್ಲ, ಮುಖ್ಯ ಅಲ್ಲ ಅಂದುಕೊಂಡಿದ್ದಕ್ಕೆ. ಬೇಸಿಗೆಯಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ ಇದೇ ವಿಷಯ ತಗೊಂಡು ಓದಬಹುದಾ? ಇಷ್ಟೇ. ಡಿಸೆಂಬರ್‌ವರೆಗೆ ನಾಲ್ಕು ತಿಂಗಳು ಬರೆದ ಪ್ರಬಂಧಗಳಿಗಿಂತ ಇದು ಚೆನ್ನಾಗಿತ್ತು ಅಂತ ಈಗಲೂ ನನಗೆ ಅನಿಸುತ್ತೆ.

ಹತ್ತು ದಿನ ಉತ್ತರ ಬರಲಿಲ್ಲ. ಆ ಹತ್ತು ದಿನದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆಮೇಲೆ ಬಂತು. ಬೇಸಿಗೆಯಲ್ಲಿ ಓದಿ, ಸಿ ಅಥವಾ ಅದಕ್ಕಿಂತ ಮೇಲೆ ತಂದು, ಟ್ರಾನ್ಸ್‌ಕ್ರಿಪ್ಟ್ ಕಳಿಸು ಅಂತ. ಅವನಿಗೆ ಹಾಗಂದರು ಅಂತ ಎಲ್ಲರಿಗೂ ಹಾಗೇ ಅನ್ನುತ್ತಾರೆ ಅಂತ ತಿಳಿಯಬೇಡಿ. ಮೊದಲು ಕೇಳಿ, ಒಪ್ಪಿಗೆ ಬಂದ ಮೇಲೆ ಸೇರಿ. ನಮ್ಮ ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ, ರಾಜ್ಯದವರಿಗೆ ಒಂದು ಯೂನಿಟ್‌ಗೆ 46 ಡಾಲರ್. ಮೂರು ಯೂನಿಟ್‌ಗೆ 138. ನಾವು ಕಾಲೇಜ್ ಕೌನ್ಸೆಲಿಂಗ್‌ಗೆ ಎಷ್ಟು ಕೊಟ್ಟಿದ್ದೆವು ಅಂತ ಇಲ್ಲಿ ಹೇಳಿದರೆ ಊಟ ಸೇರುವುದಿಲ್ಲ.

ನಮ್ಮಮ್ಮ ಗ್ರ್ಯಾಜುಯೇಷನ್ ನೋಡಲೆಂದು ಮೇ ಕೊನೆಗೆ ಬಂದಿದ್ದರು. ಟಿಕೆಟ್ ಜನವರಿಯಲ್ಲೇ ಮಾಡಿಸಿದ್ದೆವು. ಜೂನ್‌ನಲ್ಲಿ ಎಲ್ಲರೂ ಯೊಸೆಮಿಟಿಗೆ ಹೋಗುವುದು ಅಂತ ಇತ್ತು. ಅದು ಹೋಯಿತು. ಬೇಸಿಗೆ ಕ್ಲಾಸು ವಾರಕ್ಕೆ ನಾಲ್ಕು ದಿನ, ಆರು ವಾರ. ಗೆಳೆಯರೆಲ್ಲ ಬೀಚಿಗೆ ಹೋದರೆ ಇವನು ಬಸ್ ಹತ್ತಿ ಗವರ್ನ್‌ಮೆಂಟ್ ಕ್ಲಾಸಿಗೆ.

ಅಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಟ್ಟವರು. ಒಂದು ರಾತ್ರಿ ಅವನು ಅಡುಗೆಮನೆ ಟೇಬಲ್ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದ. ಇವರು ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಏನೋ ಪುಟ್ಟ ಅದು, ಅಂದರು. ಸೆನೆಟ್ ಅಜ್ಜಿ, ಅಂದ. "ನಮ್ಮ ವಿಧಾನ ಪರಿಷತ್ತಿನ ಥರಾನಾ?" ಅಂದರು. ಅವನಿಗೆ ವಿಧಾನ ಪರಿಷತ್ತು ಗೊತ್ತಿಲ್ಲ. ಬೆಂಗಳೂರಲ್ಲಿ ಎರಡು ಮನೆ ಇವೆ ಕಣೋ, ಕೆಳಮನೆ, ಮೇಲ್ಮನೆ, ಅಂತ ಇವರು ಶುರು ಮಾಡಿದರು. ದುಡ್ಡಿನ ಮಸೂದೆ ನಮ್ಮಲ್ಲಿ ಕೆಳಮನೆಯಲ್ಲೇ ಹುಟ್ಟಬೇಕು, ನಿಮ್ಮಲ್ಲಿ ಎಲ್ಲಿ ಹುಟ್ಟುತ್ತೆ? ಅವನು ಪುಟ ತಿರುವಿದ. ತೆರಿಗೆಯ ಮಸೂದೆಯಾದರೆ ಇಲ್ಲೂ ಕೆಳಮನೆಯಲ್ಲೇ, ಅಜ್ಜಿ. ಸರಿ, ಮೇಲ್ಮನೆ ಅದನ್ನು ಎಷ್ಟು ದಿನ ಇಟ್ಕೋಬಹುದು? ನಮ್ಮಲ್ಲಿ 14 ದಿನ. ಅಷ್ಟರಲ್ಲಿ ವಾಪಸ್ ಕೊಡದಿದ್ದರೆ ಪಾಸಾದ ಹಾಗೆ ಲೆಕ್ಕ.

ಅವನು ಮತ್ತೆ ಪುಟ ತಿರುವಿದ. ಅಲ್ಲಿ ಆ ಥರ ದಿನದ ಲೆಕ್ಕ ಇರಲಿಲ್ಲ. ಸೆನೆಟ್ ಅದನ್ನು ತಿದ್ದಬಹುದು, ಇಟ್ಟುಕೊಂಡು ಕೂರಬಹುದು. ಹಾಗಾದರೆ ಅದೆಂಥಾ ಮೇಲ್ಮನೆಯೋ, ಕೆಳಮನೆಗೆ ಏನು ಬೆಲೆ ಉಳೀತು ಅಂತ ಅಜ್ಜಿ ಜಗಳಕ್ಕೇ ನಿಂತರು. ಇವನು ಸೆನೆಟ್ ಪರ. ಈ ಪ್ರಶ್ನೆ ಅವನ ಪರೀಕ್ಷೆಗೆ ಬರುವುದೂ ಇಲ್ಲ. ಹನ್ನೊಂದೂವರೆ ಆಯಿತು, ಬೆಳಿಗ್ಗೆ ಕ್ಲಾಸಿದೆ, ಇಬ್ಬರೂ ಮಲಗಿ ಅಂದೆ. ಇಬ್ಬರೂ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಹುರುಳಿಕಾಯಿ ಅರ್ಧಕ್ಕೇ ನಿಂತಿತ್ತು. ಅದನ್ನು ನಾನು ಮುಗಿಸಿ ಮಲಗಿದೆ.

ತುಪ್ಪದ ವಾಸನೆ ಬಂತು ನೋಡಿ. ನಡೀರಿ.